ಕಳ್ಳಿಗೆ ನೀರು ಎಷ್ಟು ದಿನಕ್ಕೊಮ್ಮೆ?

ನನ್ನ ಮೊದಲ ಕಳ್ಳಿ ಗಿಡ ಸತ್ತದ್ದು ನನಗೆ ಗೊತ್ತೇ ಆಗಲಿಲ್ಲ. ಸತ್ತ ಮೇಲೂ ಎಷ್ಟೋ ದಿನ ಹಸಿರಾಗಿಯೇ ಕೂತಿತ್ತು. ಒಂದು ಬೆಳಿಗ್ಗೆ ಕುಂಡದ ಕೆಳಗೆ ಗುಡಿಸೋಣ ಅಂತ ಸರಿಸಿದೆ. ಮುಷ್ಟಿ ಗಾತ್ರದ ಆ ಗುಂಡು ಗಿಡ ವಾಲಿ, ಬುಡ ಕಳಚಿ ಉರುಳಿತು. ಒಳಗೆಲ್ಲ ಕಂದು ಬಣ್ಣದ ಲೋಳೆ, ಕೆಟ್ಟ ವಾಸನೆ. ಬೇರು ಅನ್ನುವುದು ಉಳಿದೇ ಇರಲಿಲ್ಲ.

ನಾನೇನೂ ಅದಕ್ಕೆ ಕೊಡಗಟ್ಟಲೆ ನೀರು ಸುರಿದಿರಲಿಲ್ಲ. ದಿನಾ ಬೆಳಿಗ್ಗೆ ಎರಡೇ ಎರಡು ಚಮಚ. ‘ಮರುಭೂಮಿ ಗಿಡ, ಕಡಿಮೆ ನೀರು ಸಾಕು’ ಅಂತ ಎಲ್ಲರೂ ಹೇಳುತ್ತಾರಲ್ಲ, ನಾನೂ ಕಡಿಮೆಯೇ ಹಾಕಿದ್ದೆ. ‘ಕಡಿಮೆ’ ಅನ್ನುವ ಮಾತಿಗೆ ಎರಡು ಅರ್ಥ ಇದೆ ಅಂತ ಹೊಳೆಯಲು ಇನ್ನೂ ಮೂರು ಗಿಡ ಸಾಯಬೇಕಾಯಿತು. ಪ್ರತಿ ಸಲ ಸ್ವಲ್ಪ ಹಾಕುವುದೂ ಕಡಿಮೆಯೇ. ಅಪರೂಪಕ್ಕೆ ಹಾಕುವುದೂ ಕಡಿಮೆಯೇ. ಮೊದಲನೆಯದು ಕಳ್ಳಿಯನ್ನು ಕೊಲ್ಲುತ್ತದೆ, ಎರಡನೆಯದು ಬದುಕಿಸುತ್ತದೆ.

ಮರುಭೂಮಿಯಲ್ಲಿ ಮಳೆ ಹೇಗೆ ಬರುತ್ತದೆ ಅಂತ ಯೋಚಿಸಿ. ದಿನಾ ಎರಡು ಹನಿ ಉದುರುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ಇಲ್ಲ. ಆಮೇಲೆ ಒಂದು ಸಂಜೆ ಧೋ ಎಂದು ಸುರಿಯುತ್ತದೆ. ನೆಲ ಪೂರ್ತಿ ತೊಯ್ಯುತ್ತದೆ, ನೀರು ಹರಿದುಹೋಗುತ್ತದೆ, ಬಿಸಿಲಿಗೆ ಮತ್ತೆ ಒಣಗುತ್ತದೆ. ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ಸೊನೊರಾ ಮರುಭೂಮಿಯಲ್ಲಿ ಸಗ್ವಾರೊ ಅನ್ನುವ ಕಳ್ಳಿ ಇದೆ. ಕೈ ಚಾಚಿ ನಿಂತ ಮನುಷ್ಯನ ಹಾಗೆ ಕಾಣುತ್ತದೆ, 12 ಮೀಟರಿಗೂ ಎತ್ತರ ಬೆಳೆಯುತ್ತದೆ. ಅಷ್ಟು ದೊಡ್ಡ ಗಿಡದ ಬೇರು ಆಳಕ್ಕೆ ಹೋಗುವುದು ಕಡಿಮೆ. ಹೆಚ್ಚಿನವು ನೆಲದ ಮೇಲ್ಪದರದಲ್ಲೇ ಹರಡಿಕೊಂಡಿರುತ್ತವೆ, ಗಿಡ ಎಷ್ಟು ಎತ್ತರವೋ ಸುಮಾರು ಅಷ್ಟೇ ದೂರದವರೆಗೆ. ಮಳೆ ಬಿದ್ದ ಕೂಡಲೇ ಹೀರಿಕೊಳ್ಳಬೇಕಲ್ಲ, ಅದಕ್ಕೆ. ಕಾಂಡದ ಮೇಲಿರುವ ಉದ್ದುದ್ದ ಏಣುಗಳು ಹಾರ್ಮೋನಿಯಂನ ತಿದಿಯಂತೆ ಕೆಲಸ ಮಾಡುತ್ತವೆ. ನೀರು ಸಿಕ್ಕಾಗ ಬಿಚ್ಚಿಕೊಂಡು ಉಬ್ಬುತ್ತವೆ, ಬರದಲ್ಲಿ ಮಡಚಿಕೊಳ್ಳುತ್ತವೆ. ನಿಮ್ಮ ಕಿಟಕಿ ಹತ್ತಿರ ಕೂತಿರುವ ಪುಟಾಣಿ ಕಳ್ಳಿಯೂ ಇದೇ ಕಸುಬು ಕಲಿತು ಬಂದದ್ದು.

ಆದ್ದರಿಂದ ಹಾಕುವಾಗ ಮಳೆ ಸುರಿದ ಹಾಗೆ ಹಾಕಬೇಕು. ಕುಂಡದ ತಳದ ತೂತಿನಿಂದ ನೀರು ಸುರಿದು ಹೋಗುವಷ್ಟು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಆಮೇಲೆ ಮಣ್ಣು ತಳದವರೆಗೆ ಒಣಗುವ ತನಕ ಆ ಕಡೆ ತಲೆ ಹಾಕಬಾರದು. ‘ಎಷ್ಟು ನೀರು’ ಅನ್ನುವ ಪ್ರಶ್ನೆಗೆ ಯಾವಾಗಲೂ ಒಂದೇ ಉತ್ತರ: ಪೂರ್ತಿ. ಋತುವಿಗೆ ತಕ್ಕ ಹಾಗೆ ಬದಲಾಗಬೇಕಾದ್ದು ಎರಡು ನೀರಿನ ನಡುವಿನ ಅಂತರ ಮಾತ್ರ.

ಕುಂಡದ ತಳದಲ್ಲಿ ಏನಾಗುತ್ತದೆ

ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಮಲಗಿಸಿದ ಹಾಗೆ ಅಡ್ಡಡ್ಡ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಂತುಬಿಡುತ್ತದೆ. ಈಗ ಅದೇ ಸ್ಪಂಜನ್ನು ಹಿಂಡದೆ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನೀರು ಅದೇ. ಎತ್ತರ ಮಾತ್ರ ಬದಲಾಯಿತು.

ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕುಂಡದಲ್ಲಿ ಮೇಲಿನ ನೀರು ಇಳಿದುಹೋದರೂ ತಳದಲ್ಲಿ ಒಂದಷ್ಟು ಎತ್ತರದವರೆಗೆ ತೊಯ್ದ ಪದರ ಉಳಿದೇ ಉಳಿಯುತ್ತದೆ. ಆ ಪದರ ಎಷ್ಟು ದಪ್ಪ ಅನ್ನುವುದು ಕುಂಡದ ಎತ್ತರವನ್ನು ನೋಡುವುದಿಲ್ಲ, ಮಣ್ಣಿನ ಕಣ ಎಷ್ಟು ಸಣ್ಣದು ಅನ್ನುವುದನ್ನು ನೋಡುತ್ತದೆ. ನುಣುಪು ಮಣ್ಣಿದ್ದರೆ ದಪ್ಪ ಪದರ, ಒರಟು ಜಲ್ಲಿ ಇದ್ದರೆ ತೆಳು ಪದರ. ಹಾಗಾಗಿ ತಟ್ಟೆಯಂಥ ಚಿಕ್ಕ ಕುಂಡದಲ್ಲಿ ನುಣುಪು ಮಣ್ಣು ತುಂಬಿದರೆ ಇಡೀ ಕುಂಡವೇ ಆ ತೊಯ್ದ ಪದರ. ಅಲ್ಲಿ ಬೇರಿಗೆ ಗಾಳಿ ಇಲ್ಲ. ಗಾಳಿ ಇಲ್ಲದ ಬೇರು ಸೊರಗುತ್ತದೆ, ಸೊರಗಿದ ಬೇರಿಗೆ ಮಣ್ಣಿನಲ್ಲಿರುವ ಕೊಳೆರೋಗದ ಶಿಲೀಂಧ್ರ ಬಂದು ಮುತ್ತುತ್ತದೆ. ನನ್ನ ಎರಡು ಚಮಚದ ಕಥೆ ಆದದ್ದು ಹೀಗೆ. ಮಣ್ಣು ಒಂದು ದಿನವೂ ಪೂರ್ತಿ ತೊಯ್ಯಲಿಲ್ಲ, ಒಂದು ದಿನವೂ ಪೂರ್ತಿ ಒಣಗಲಿಲ್ಲ.

ತಳದಲ್ಲಿ ಜಲ್ಲಿ ಹಾಸಿ ಮೇಲೆ ಮಣ್ಣು ತುಂಬಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುತ್ತಾರೆ. ಇಳಿಯುವುದಿಲ್ಲ. ತೊಯ್ದ ಪದರ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರವಾಗಿ. ಜಲ್ಲಿ ಇದ್ದರೆ ಮಣ್ಣಿಗೇ ಬೆರೆಸಿ. ಅರ್ಧಕ್ಕಿಂತ ಜಾಸ್ತಿ ಪಾಲು 3ರಿಂದ 6 ಮಿಲಿಮೀಟರ್ ಗಾತ್ರದ ಚೂರು ಇರಲಿ. ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ಪರ್ಲೈಟ್ (ಕಾಯಿಸಿ ಉಬ್ಬಿಸಿದ ಬಿಳಿ ಹರಳು), ಸಣ್ಣ ಜಲ್ಲಿ, ಇಟ್ಟಿಗೆ ಚೂರು, ಯಾವುದಾದರೂ ಆದೀತು. ಜರಡಿ ಹಿಡಿದು ಧೂಳು ತೆಗೆದುಬಿಡಿ. ಸಂದುಗಳನ್ನು ಮುಚ್ಚುವುದು ಆ ಧೂಳೇ.

ಮಣ್ಣಿನ ಕುಂಡದ ಗೋಡೆಯಿಂದಲೂ ತೇವ ಆರುತ್ತದೆ. ಪ್ಲಾಸ್ಟಿಕ್‌ನಲ್ಲಿ ಆರುವುದಿಲ್ಲ. ಪಕ್ಕಪಕ್ಕದಲ್ಲೇ ಇಟ್ಟ ಒಂದೇ ಜಾತಿಯ ಎರಡು ಗಿಡಗಳಿಗೆ ಒಂದೇ ದಿನ ನೀರು ಬೇಕಾಗದಿರುವುದು ಇದಕ್ಕೇ. ‘ಹತ್ತು ದಿನಕ್ಕೊಮ್ಮೆ ಹಾಕಿ’ ಅಂತ ಯಾರಾದರೂ ಹೇಳಿದರೆ, ಅವರ ಕುಂಡ, ಅವರ ಮಣ್ಣು, ಅವರ ಬಿಸಿಲಿನ ಲೆಕ್ಕ ಅದು. ನಿಮ್ಮದಲ್ಲ.

ರಾತ್ರಿ ಉಸಿರಾಡುವ ಗಿಡ

ಋತುವಿನ ವಿಷಯಕ್ಕೆ ಬರುವ ಮೊದಲು ಈ ಗಿಡಗಳ ಒಂದು ವಿಚಿತ್ರ ಅಭ್ಯಾಸ ತಿಳಿದುಕೊಳ್ಳಬೇಕು. ಭಾರತದಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಹೇನ್ ಅನ್ನುವ ಸಸ್ಯವಿಜ್ಞಾನಿ ಕಾಡುಬಸಳೆಯ ಎಲೆ ತಿಂದು ನೋಡಿದರು. ಎಲೆಯ ಅಂಚಿನಲ್ಲೇ ಮರಿ ಮೂಡುತ್ತದಲ್ಲ, ಅದೇ ಗಿಡ. ಬೆಳಿಗ್ಗೆ ತಿಂದರೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಸ್ವಲ್ಪ ಕಹಿ. ಇದನ್ನು ಅವರು ಪತ್ರದಲ್ಲಿ ಬರೆದರು, ಅದು 1815ರಲ್ಲಿ ಅಚ್ಚಾಯಿತು. ಕಾರಣ ಪೂರ್ತಿ ಗೊತ್ತಾದದ್ದು ಮುಂದಿನ ಶತಮಾನದಲ್ಲಿ.

ಬಹುತೇಕ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ. ರಂಧ್ರ ತೆರೆದರೆ ಒಳಗಿನ ನೀರೂ ಆವಿಯಾಗಿ ಹೊರಗೆ ಹೋಗುತ್ತದೆ. ಮರುಭೂಮಿಯ ಹಗಲಿನಲ್ಲಿ ಅದು ದುಬಾರಿ. ಆದ್ದರಿಂದ ಕಳ್ಳಿ, ಕತ್ತಾಳೆ, ಲೋಳೆಸರದಂಥವು ಹಗಲು ಬಾಗಿಲು ಹಾಕಿಕೊಂಡು ರಾತ್ರಿ ತಂಪಾದ ಮೇಲೆ ತೆರೆಯುತ್ತವೆ. ರಾತ್ರಿ ಒಳಗೆ ಬಂದದ್ದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಿನ ಹುಳಿ ಅದರದ್ದೇ. ಬಿಸಿಲು ಬಂದಾಗ ಬಾಗಿಲು ಹಾಕಿಕೊಂಡೇ ಆ ಆಮ್ಲ ಒಡೆದು ಸಕ್ಕರೆ ಮಾಡಿಕೊಳ್ಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಹುಳಿ ಖಾಲಿ.

ಇದರಿಂದ ನಮಗೇನು? ತುಂಬಾ ಇದೆ. ಈ ಗಿಡಗಳ ಬೆಳವಣಿಗೆ ನಿಂತಿರುವುದು ರಾತ್ರಿಯ ತಂಪಿನ ಮೇಲೆ. ರಾತ್ರಿಯೂ ಸೆಖೆ ಇಳಿಯದಿದ್ದರೆ ಎಷ್ಟೋ ಜಾತಿಗಳು ರಾತ್ರಿಯೂ ಸರಿಯಾಗಿ ಬಾಗಿಲು ತೆರೆಯುವುದಿಲ್ಲ. ಉಸಿರಾಟ ಕಡಿಮೆ, ಬೆಳವಣಿಗೆ ನಿಂತಂತೆ, ಬೇರು ನೀರೆಳೆಯುವುದೂ ಕಡಿಮೆ. ಹೊರಗೆ ಕಡು ಬಿಸಿಲು, ಮಣ್ಣು ಒಣಗಿದೆ, ಗಿಡ ಸುಕ್ಕಾಗಿದೆ, ಅಯ್ಯೋ ಪಾಪ ಅಂತ ನೀರು ಹಾಕುತ್ತೇವೆ. ನಿದ್ದೆಯಲ್ಲಿರುವ ಗಿಡ ಅದನ್ನು ಕುಡಿಯುವುದಿಲ್ಲ. ಬಿಸಿ ನೆಲದಲ್ಲಿ ನಿಂತ ನೀರು ಬೇರನ್ನು ಬೇಯಿಸಿಬಿಡುತ್ತದೆ.

ಯಾರು ಯಾವಾಗ ಎದ್ದಿರುತ್ತಾರೆ

ಹಾಗಾದರೆ ಬೇಸಿಗೆಯಲ್ಲಿ ಎಲ್ಲವೂ ಮಲಗುತ್ತವೆಯೇ? ಇಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ‘ಸಕ್ಯುಲೆಂಟ್’, ಅಂದರೆ ಮೈಯಲ್ಲೇ ನೀರು ಕೂಡಿಡುವ ಗಿಡ, ಅನ್ನುವುದು ಒಂದು ಕುಟುಂಬದ ಹೆಸರಲ್ಲ, ಬದುಕುವ ರೀತಿಯ ಹೆಸರು. ಬೇರೆ ಬೇರೆ ಖಂಡಗಳ, ಒಂದಕ್ಕೊಂದು ಸಂಬಂಧವೇ ಇಲ್ಲದ ಗಿಡಗಳು ನೀರು ಕೂಡಿಡುವುದನ್ನು ತಾವೇ ತಾವಾಗಿ ಕಲಿತವು. ಅವುಗಳ ಊರಿನಲ್ಲಿ ಮಳೆ ಯಾವಾಗಲೋ, ಅವುಗಳ ಎಚ್ಚರವೂ ಆಗ.

ಅರೇಬಿಯಾ ಮತ್ತು ಆಫ್ರಿಕಾ ಕಡೆಯ ಅಡೇನಿಯಂಗೆ ಸೆಖೆ ಇದ್ದಷ್ಟೂ ಖುಷಿ. ಚಳಿ ಬಂತೆಂದರೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಅಮೆರಿಕ ಖಂಡದ ಹೆಚ್ಚಿನ ಕಳ್ಳಿಗಳು, ಕತ್ತಾಳೆ ಜಾತಿಯವು ಕೂಡ ಬೆಚ್ಚಗಿನ ಕಾಲದವು. ಮೆಕ್ಸಿಕೋದ ಎಚೆವೇರಿಯಾ ಬೆಟ್ಟದ ಗಿಡ, ಅದಕ್ಕೆ ಹದವಾದ ತಂಪು ಬೇಕು, ಕಡು ಬೇಸಿಗೆಯಲ್ಲಿ ಮುಖ ಸಿಂಡರಿಸಿ ಕೂರುತ್ತದೆ. ದಕ್ಷಿಣ ಆಫ್ರಿಕಾದ ಹವೋರ್ತಿಯಾ, ಗ್ಯಾಸ್ಟೀರಿಯಾ ಕೂಡ ಹಾಗೆಯೇ. ಕನೇರಿ ದ್ವೀಪಗಳ ಅಯೋನಿಯಂ ಬೇಸಿಗೆಯಲ್ಲಿ ಎಲೆಯ ಚಕ್ರವನ್ನು ಮೊಗ್ಗಿನಂತೆ ಮುಚ್ಚಿಕೊಂಡು ಮಲಗಿ, ತಂಪಿಗೆ ಏಳುತ್ತದೆ. ಚಳಿಗಾಲದಲ್ಲಿ ಮಳೆ ಬರುವ ನಾಡಿನ ಕೋನೋಫೈಟಂ ಅಂತೂ ಬೇಸಿಗೆ ಪೂರ್ತಿ ಒಣ ಚರ್ಮದೊಳಗೆ ಅಡಗಿ ಕೂತಿರುತ್ತದೆ. ಸತ್ತಿದೆ ಅಂದುಕೊಂಡು ಎಸೆದವರು ಎಷ್ಟು ಜನರೋ!

ಇವೆಲ್ಲವನ್ನೂ ಒಂದೇ ದೊಡ್ಡ ತಟ್ಟೆಯಲ್ಲಿ ಚಂದಕ್ಕೆ ನೆಟ್ಟು ಕೊಡುತ್ತಾರಲ್ಲ, ನನಗೆ ಅದು ಕಂಡರೆ ಆಗುವುದಿಲ್ಲ. ಒಂದಕ್ಕೆ ಹಗಲು, ಇನ್ನೊಂದಕ್ಕೆ ರಾತ್ರಿ. ಯಾರಿಗೆ ಬಡಿಸಿದರೂ ಇನ್ನೊಬ್ಬರಿಗೆ ತೊಂದರೆ.

ಬೇಸಿಗೆ ಮತ್ತು ಮಳೆ

ಬೆಚ್ಚಗಿನ ಕಾಲದ ಗಿಡಗಳಿಗೆ ಬೇಸಿಗೆಯಲ್ಲಿ ಧಾರಾಳವಾಗಿ ಕೊಡಿ. ಮಣ್ಣು ಒಣಗಿತೇ, ಹಾಕಿ. ಒರಟು ಮಿಶ್ರಣ, ಮಣ್ಣಿನ ಕುಂಡ, ಜೋರು ಬಿಸಿಲು ಇದ್ದರೆ ವಾರಕ್ಕೆ ಎರಡು ಸಲವೂ ಬೇಕಾಗಬಹುದು. ಅಡೇನಿಯಂಗೆ ಇನ್ನೂ ಜಾಸ್ತಿ. ನಡು ಮಧ್ಯಾಹ್ನ ಹಾಕಬೇಡಿ. ಕಪ್ಪು ಪ್ಲಾಸ್ಟಿಕ್ ಕುಂಡದ ಗೋಡೆ ಮುಟ್ಟಿ ನೋಡಿ, ಕೈ ಸುಡುತ್ತದೆ. ಸಂಜೆ ಹಾಕಿದರೆ ಮಣ್ಣೂ ತಣ್ಣಗಾಗುತ್ತದೆ, ಗಿಡ ರಾತ್ರಿ ಬಾಗಿಲು ತೆರೆಯುವ ಹೊತ್ತಿಗೆ ನೀರೂ ಇರುತ್ತದೆ. ಎಚೆವೇರಿಯಾ, ಹವೋರ್ತಿಯಾದಂಥವನ್ನು ನೆರಳಿಗೆ ಸರಿಸಿ, ಅಂತರ ಹೆಚ್ಚಿಸಿ. ಪೂರ್ತಿ ನಿಲ್ಲಿಸಿದರೆ ಚಿಕ್ಕ ಗಿಡಗಳ ಬೇರು ಒಣಗಿಹೋಗುತ್ತದೆ. ತಂಪಾದ ಸಂಜೆ ನೋಡಿ ಆಗೊಮ್ಮೆ ಈಗೊಮ್ಮೆ ಹಾಕಿದರೆ ಸಾಕು.

ಎಲೆಯ ಮೇಲೆ ಬಿದ್ದ ಹನಿ ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಸುಡುತ್ತದೆ ಅಂತ ಒಂದು ಮಾತಿದೆ. ನಯವಾದ ಎಲೆಯ ಮಟ್ಟಿಗೆ ಅದು ನಿಜವಲ್ಲ. ಹನಿ ಎಲೆಗೆ ಅಂಟಿಕೊಂಡೇ ಇರುವುದರಿಂದ ಬೆಳಕು ಸುಡುವಷ್ಟು ಒಂದೆಡೆ ಸೇರುವುದಿಲ್ಲ. ನಿಜವಾದ ತೊಂದರೆ ಬೇರೆ. ಎಲೆ ಚಕ್ರದ ನಡುವೆ ನಿಂತ ನೀರು ಆರದೆ ಕೊಳೆ ತರುತ್ತದೆ. ಎಚೆವೇರಿಯಾದ ಮೇಲಿನ ಬೂದಿಯಂಥ ಮೇಣದ ಪುಡಿ ಕೈ ತಾಗಿದರೆ ಅಳಿಸಿಹೋಗುತ್ತದೆ, ಆ ಎಲೆಯಲ್ಲಿ ಮತ್ತೆ ಮೊದಲಿನಂತೆ ಮೂಡುವುದಿಲ್ಲ. ಹಾಗಾಗಿ ಬುಡಕ್ಕೇ ಹಾಕಿ.

ಇನ್ನು ಮಳೆಗಾಲ. ವಾರಗಟ್ಟಲೆ ಮೋಡ, ಮಳೆ ಇರುವ ಕಡೆ ಈ ಗಿಡಗಳಿಗೆ ಇದರಷ್ಟು ಕಷ್ಟದ ಕಾಲ ಇನ್ನೊಂದಿಲ್ಲ. ಒಂದು ದಿನದ ಜೋರು ಮಳೆಯಿಂದ ಏನೂ ಆಗುವುದಿಲ್ಲ, ಆಮೇಲೆ ಎರಡು ದಿನ ಬಿಸಿಲು ಬಂದರೆ ಗಿಡ ನಳನಳಿಸುತ್ತದೆ. ಕೊಲ್ಲುವುದು ಬಿಡದೆ ಹಿಡಿದ ಜಿಟಿಜಿಟಿ ಮಳೆ. ಗಾಳಿಯೇ ತೇವದಿಂದ ತುಂಬಿರುವಾಗ ಮಣ್ಣಿನ ನೀರು ಆವಿಯಾಗಿ ಹೋಗುವುದಾದರೂ ಎಲ್ಲಿಗೆ? ಬೇಸಿಗೆಯಲ್ಲಿ ಮೂರು ದಿನಕ್ಕೆ ಒಣಗುತ್ತಿದ್ದ ಕುಂಡ ಈಗ ಹದಿನೈದು ದಿನವಾದರೂ ಒಣಗದಿರಬಹುದು. ಬಿಸಿಲು ಇಲ್ಲದೆ ಗಿಡದ ಅಡುಗೆಯೂ ನಿಂತಿರುತ್ತದೆ. ತೇವ ಇದ್ದು ಬೆಳಕು ಇಲ್ಲದಾಗ ಗಿಡ ಬೆಳಕು ಹುಡುಕಿಕೊಂಡು ಸಪೂರವಾಗಿ, ಪೇಲವವಾಗಿ ಉದ್ದ ಏಳುತ್ತದೆ. ಹಾಗೆ ಎದ್ದ ಭಾಗ ಮತ್ತೆ ದಪ್ಪ ಆಗುವುದಿಲ್ಲ. ಗುಂಡು ಕಳ್ಳಿಗೆ ಜುಟ್ಟು ಬಂದಂತೆ ಕಾಣುವುದು ಇದೇ.

ಮಾಡಬೇಕಾದ್ದು ಇಷ್ಟು. ಮಳೆ ತಾಗದ, ಆದರೆ ಬೆಳಕು ಇರುವ ಕಡೆ ಸರಿಸಿ. ಕುಂಡಗಳ ನಡುವೆ ಗಾಳಿ ಆಡಲು ಜಾಗ ಬಿಡಿ. ನಾನು ಮೂಲೆಯಲ್ಲಿ ಒಂದು ಚಿಕ್ಕ ಫ್ಯಾನ್ ಇಟ್ಟುಬಿಡುತ್ತೇನೆ. ಮನೆಯವರು ‘ಗಿಡಕ್ಕೂ ಫ್ಯಾನಾ’ ಅಂತ ನಗುತ್ತಾರೆ. ನಗಲಿ. ಔಷಧಿ ಹೊಡೆಯುವುದಕ್ಕಿಂತ ಫ್ಯಾನ್ ಜಾಸ್ತಿ ಗಿಡ ಉಳಿಸಿದೆ.

ಚಳಿ, ಮತ್ತೆ ಎಚ್ಚರ

ರಾತ್ರಿ 10–12 ಡಿಗ್ರಿಗಿಂತ ಕೆಳಗೆ ಇಳಿಯುವ ಕಡೆ ಕಳ್ಳಿಗಳನ್ನು ಒಣಗಿಸಿಯೇ ಇಡಬೇಕು. ಇದಕ್ಕೆ ಎರಡು ಕಾರಣ. ಒಂದು, ತಣ್ಣಗಿನ ತೇವದ ಮಣ್ಣಿನಲ್ಲಿ ಮಲಗಿದ ಬೇರು ಕೊಳೆಯುತ್ತದೆ. ಇನ್ನೊಂದು, ನೀರು ಕಡಿಮೆಯಾದಾಗ ಗಿಡದ ಒಳಗಿನ ರಸ ಗಟ್ಟಿಯಾಗುತ್ತದೆ. ಗಟ್ಟಿ ರಸ ಬೇಗ ಹೆಪ್ಪುಗಟ್ಟುವುದಿಲ್ಲ. ಒಣಗಿದ ಕಳ್ಳಿ ತಡೆಯುವ ಚಳಿಯನ್ನು ತೊಯ್ದ ಕಳ್ಳಿ ತಡೆಯದು. ಸ್ವಲ್ಪ ಕುಗ್ಗಿದರೆ, ಸುಕ್ಕಾದರೆ ಕನಿಕರ ಪಡಬೇಡಿ. ರೆಬ್ಯೂಷಿಯಾ, ಹಲವು ಮ್ಯಾಮಿಲೇರಿಯಾದಂಥ ಕಳ್ಳಿಗಳು ಈ ಒಣ, ತಣ್ಣನೆಯ ವಿಶ್ರಾಂತಿ ಸಿಕ್ಕರೆ ಮುಂದೆ ಚೆನ್ನಾಗಿ ಹೂ ಬಿಡುತ್ತವೆ. ‘ನಮ್ಮ ಕಳ್ಳಿ ಹೂವೇ ಬಿಡುವುದಿಲ್ಲ’ ಅನ್ನುವವರನ್ನು ನಾನು ಮೊದಲು ಕೇಳುವುದು, ಚಳಿಗಾಲದಲ್ಲಿ ನೀರು ಹಾಕಿದ್ರಾ ಅಂತ.

ಚಳಿ ಅಷ್ಟು ಜೋರಿಲ್ಲದ ಕಡೆ, ಹಗಲು ಬಿಸಿಲು ಚೆನ್ನಾಗಿದ್ದರೆ ತಿಂಗಳಿಗೊಮ್ಮೆ ಬೆಳಿಗ್ಗೆ ಹಾಕಬಹುದು. ಸಂಜೆಯೊಳಗೆ ಮೇಲ್ಮೈ ಆರಿರಬೇಕು. ಅಡೇನಿಯಂ ಎಲೆ ಉದುರಿಸಿದ್ದರೆ ಅದೂ ಬೇಡ. ಅದೇ ಹೊತ್ತಿಗೆ ಹವೋರ್ತಿಯಾ, ಅಯೋನಿಯಂ ಎದ್ದು ಕೂತಿರುತ್ತವೆ, ಅವಕ್ಕೆ ಮಣ್ಣು ಒಣಗಿದಾಗೆಲ್ಲ ಕೊಡಿ.

ಲಿಥಾಪ್ಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇದರಷ್ಟು ಪ್ರೀತಿಯಿಂದ ಕೊಲ್ಲಲ್ಪಡುವ ಗಿಡ ಇನ್ನೊಂದಿಲ್ಲ. ನೋಡಲು ಬೆಣಚುಕಲ್ಲು. ವಿಲಿಯಂ ಬರ್ಚೆಲ್ ಅನ್ನುವ ಅನ್ವೇಷಕ 1811ರಲ್ಲಿ ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಹತ್ತಿರ ನೆಲದಿಂದ ವಿಚಿತ್ರ ಆಕಾರದ ಕಲ್ಲು ಅಂತ ಎತ್ತಿಕೊಂಡದ್ದು ಗಿಡವಾಗಿತ್ತು. ಇದಕ್ಕೆ ಇರುವುದು ಒಂದು ಜೊತೆ ಎಲೆ ಅಷ್ಟೇ. ಬೇಸಿಗೆ ಇಳಿದು ತಂಪು ಶುರುವಾದಾಗ ಎರಡು ಎಲೆಯ ನಡುವಿನ ಸೀಳಿನಿಂದ ಹೂ ಬರುತ್ತದೆ. ಆಮೇಲೆ ಚಳಿಯಲ್ಲಿ ಒಳಗೊಳಗೇ ಹೊಸ ಜೊತೆ ಎಲೆ ಬೆಳೆಯುತ್ತದೆ. ಹೊಸ ಎಲೆಗೆ ಬೇಕಾದ ನೀರು, ಆಹಾರ ಎಲ್ಲ ಬರುವುದು ಹಳೆ ಎಲೆಯಿಂದ. ತಾಯಿ ಎಲೆ ತನ್ನನ್ನು ಬರಿದು ಮಾಡಿಕೊಂಡು, ಕೊನೆಗೆ ಒಣಗಿದ ಕಾಗದದಂತಾಗುತ್ತದೆ. ಈ ಹೊತ್ತಿನಲ್ಲಿ ಅದು ಸುಕ್ಕಾಗಲೇಬೇಕು. ಸುಕ್ಕು ನೋಡಿ ನೀರು ಹಾಕಿದಿರೋ, ಹಳೆ ಎಲೆ ಮತ್ತೆ ಉಬ್ಬುತ್ತದೆ, ಬಿಟ್ಟುಕೊಡುವುದಿಲ್ಲ. ಹಳೆಯದರ ಮೇಲೆ ಹೊಸದು ಪೇರಿಕೊಂಡು ಗಿಡ ಕೆಟ್ಟುಹೋಗುತ್ತದೆ, ಇಲ್ಲವೇ ಸೀಳುತ್ತದೆ. ಹಳೆ ಎಲೆ ಪೂರ್ತಿ ಒಣಗಿದ ಮೇಲೆಯೇ ಮುಂದಿನ ನೀರು. ಮತ್ತೆ ಕಡು ಬೇಸಿಗೆಯಲ್ಲಿ ಇನ್ನೊಂದು ನಿದ್ದೆ.

ಚಳಿ ಮುಗಿದು ಕಳ್ಳಿಗಳು ಏಳುವಾಗ ಒಂದು ತಪ್ಪು ಆಗುವುದುಂಟು. ಮೂರು ತಿಂಗಳು ಒಣಗಿಸಿದ್ದೇವಲ್ಲ, ಪಾಪ ಅಂತ ಮೊದಲ ದಿನವೇ ಸುರಿದುಬಿಡುತ್ತೇವೆ. ಒಣಗಾಲದಲ್ಲಿ ಕಳ್ಳಿ ತನ್ನ ಸಣ್ಣ ಕೂದಲಿನಂಥ ಬೇರುಗಳನ್ನು ಕಳೆದುಕೊಂಡಿರುತ್ತದೆ. ಒಣ ಮಣ್ಣು ತಿರುಗಿ ತನ್ನಿಂದಲೇ ನೀರು ಎಳೆದುಕೊಳ್ಳಬಾರದು ಅಂತ ಬೇರಿಗೂ ಮಣ್ಣಿಗೂ ನಡುವಿನ ನಂಟನ್ನೇ ಕಡಿದುಕೊಂಡಿರುತ್ತದೆ. ಮರುಭೂಮಿಯಲ್ಲಿ ಮಳೆ ಬಿದ್ದ ಮೇಲೆ ಹೊಸ ಮಳೆಬೇರು ಬೇಗ ಮೂಡುತ್ತವೆ, ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ. ಆದರೆ ಕುಂಡದ ತಳದಲ್ಲಿ ನೀರು ನಿಂತರೆ ಆ ಬೇರು ಮೂಡುವ ಮೊದಲೇ ಕೊಳೆ ಶುರುವಾಗಬಹುದು. ಆದ್ದರಿಂದ ಮೊದಲು ಒಂದೆರಡು ಸಲ ಮೇಲ್ಪದರ ನೆನೆಯುವಷ್ಟು ಸಿಂಪಡಿಸಿ. ವಾರ ಬಿಟ್ಟು ಗಿಡದ ತುದಿಯಲ್ಲಿ ಹೊಸ ಹಸಿರು, ಬಣ್ಣದ ಹೊಸ ಮುಳ್ಳು ಕಂಡರೆ ಪೂರ್ತಿ ನೀರು. ಸದಾ ‘ಪೂರ್ತಿ’ ಅನ್ನುವ ನಾನು ಆ ನಿಯಮ ಮುರಿಯುವುದು ಇದೊಂದೇ ಸಲ.

ಒಣಗಿದೆಯೋ ಇಲ್ಲವೋ

ಮೇಲಿನ ಮಣ್ಣು ಮುಟ್ಟಿ ನೋಡುವುದು ಸಾಲದು, ಮೇಲೆ ಒಣಗಿ ತಳದಲ್ಲಿ ಕೆಸರಿರಬಹುದು. ತೂತಿನ ಕಡೆಯಿಂದ ಬಿದಿರಿನ ಕಡ್ಡಿ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಣ್ಣಗೆ, ಕಪ್ಪಗೆ ಬಂದರೆ ತೇವ ಇದೆ. ಇನ್ನೂ ಸುಲಭ ಅಂದರೆ ಎತ್ತಿ ನೋಡುವುದು. ನೀರು ಹಾಕಿದ ದಿನ ಒಮ್ಮೆ ಎತ್ತಿ, ಭಾರ ಕೈಗೆ ನೆನಪಿರಲಿ. ಕೈ ಮೇಲೆ ನಂಬಿಕೆ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಇದೆಯಲ್ಲ. ತೊಯ್ದಾಗ 600 ಗ್ರಾಂ ಇದ್ದದ್ದು ಇಳಿಯುತ್ತಾ ಬಂದು 450ರ ಹತ್ತಿರ ನಿಂತಿತು ಅನ್ನಿ, ಕುಂಡ ಒಣಗಿದೆ ಅಂತ ಅರ್ಥ.

ಸುಕ್ಕು ಮಾತ್ರ ನಂಬುವ ಹಾಗಿಲ್ಲ. ಮಣ್ಣು ಒಣಗಿ ಎಲೆ ಸುಕ್ಕಾಗಿದ್ದರೆ ಬಾಯಾರಿಕೆ, ನೀರು ಹಾಕಿದ ಎರಡು-ಮೂರು ದಿನಕ್ಕೆ ತುಂಬಿಕೊಳ್ಳುತ್ತದೆ. ಮಣ್ಣು ತೇವವಿದ್ದೂ ಸುಕ್ಕಾಗಿದ್ದರೆ ಕುಡಿಯಲು ಬೇರುಗಳೇ ಉಳಿದಿಲ್ಲ ಅಂತ. ಅದಕ್ಕೆ ಇನ್ನಷ್ಟು ನೀರು ಹಾಕಿದರೆ ಮುಗಿಯಿತು ಕಥೆ. ಗಿಡ ಕಿತ್ತು, ಕೊಳೆತ ಭಾಗವನ್ನು ಶುದ್ಧ ಬಿಳಿ ಅಥವಾ ಹಸಿರು ತಿರುಳು ಕಾಣುವವರೆಗೆ ಕತ್ತರಿಸಿ. ಪ್ರತಿ ಸಲ ಕತ್ತರಿಸುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗಾಯ ಒಣಗಿ ಗಟ್ಟಿಯಾಗಲು ನೆರಳಲ್ಲಿ ವಾರವೋ ಎರಡು ವಾರವೋ ಬಿಡಿ. ಆಮೇಲೆ ಒಣ ಮಿಶ್ರಣದ ಮೇಲೆ ಕೂರಿಸಿ. ಎಲೆ ಹಳದಿಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಉದುರಿದರೆ ನೀರು ಜಾಸ್ತಿಯಾಗಿದೆ. ಅತಿ ಕೆಳಗಿನ ಒಂದೆರಡು ಎಲೆ ತಾವಾಗಿ ಒಣಗುವುದು ಮಾಮೂಲು. ಹಳೆ ಕಳ್ಳಿಯ ಬುಡ ಕಂದು ತೊಗಟೆಯಂತೆ ಗಟ್ಟಿಯಾಗುವುದೂ ಅಷ್ಟೇ. ಅದುಮಿ ನೋಡಿ, ಮೆತ್ತಗಿಲ್ಲ ಅಂದರೆ ಚಿಂತೆ ಇಲ್ಲ.

ನೀರಿನ ಬಗೆಯೂ ಮುಖ್ಯ. ಗಡಸು ನೀರಿನ ಸುಣ್ಣ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ, ಕುಂಡದ ಅಂಚಿನ ಬಿಳಿ ಪೊರೆ ಅದರದ್ದೇ. ಸುಣ್ಣ ಹೆಚ್ಚಾದರೆ ಮಣ್ಣಿನ ಹುಳಿ ಇಳಿದು ಕಬ್ಬಿಣದಂಥ ಅಂಶ ಬೇರಿಗೆ ಸಿಗುವುದಿಲ್ಲ. ಮಳೆನೀರು ಸಿಕ್ಕರೆ ಅದೇ ಒಳ್ಳೆಯದು. ನೀರು ಶುದ್ಧ ಮಾಡುವ ಯಂತ್ರ ಹೊರಹಾಕುವ ನೀರು ಮಾತ್ರ ಬೇಡ. ಉಳಿತಾಯ ಅಂತ ಅನಿಸುತ್ತದೆ ನಿಜ, ಆದರೆ ಬೇಡದ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ.

ಗೊಬ್ಬರ: ಎದ್ದವರಿಗೆ ಮಾತ್ರ ಊಟ

ಮರುಭೂಮಿಯಲ್ಲಿ ಯಾರು ಗೊಬ್ಬರ ಹಾಕುತ್ತಾರೆ ಅಂತ ಕೇಳುವವರಿದ್ದಾರೆ. ಮರುಭೂಮಿಯ ಮಣ್ಣಿನಲ್ಲಿ ಸಾರಜನಕ ಕಡಿಮೆ ನಿಜ, ಉಳಿದ ಖನಿಜಗಳು ಸಾಕಷ್ಟಿರುತ್ತವೆ. ಅಲ್ಲಿ ಬೇರು ಮೀಟರುಗಟ್ಟಲೆ ಓಡಾಡಿ ಹುಡುಕಿಕೊಳ್ಳುತ್ತದೆ. ನಮ್ಮ ಕುಂಡದಲ್ಲಿರುವುದು ಒಂದು ಹಿಡಿ ಜಲ್ಲಿ, ಇಟ್ಟಿಗೆ ಚೂರು. ಪ್ರತಿ ನೀರಿಗೂ ಇದ್ದಬದ್ದದ್ದು ತೂತಿನಿಂದ ತೊಳೆದುಹೋಗುತ್ತದೆ. ಒಂದೆರಡು ವರ್ಷ ಗಿಡ ಸುಮ್ನೆ ನಿಂತಿದ್ದರೆ ಹಸಿವೂ ಕಾರಣ ಇರಬಹುದು.

ಹಾಗಂತ ಬಡಿಸುತ್ತಾ ಹೋಗುವುದೂ ಅಲ್ಲ. ಸಾರಜನಕ ಜಾಸ್ತಿಯಾದರೆ ಗಿಡ ನೀರು ತುಂಬಿದ ದೊಡ್ಡ ದೊಡ್ಡ ಕೋಶ, ತೆಳು ಗೋಡೆ ಕಟ್ಟಿಕೊಂಡು ಊದಿಕೊಳ್ಳುತ್ತದೆ. ನೋಡಲು ದಷ್ಟಪುಷ್ಟ. ಆದರೆ ಮುಳ್ಳು ಬಡಕಲು, ಸಿಪ್ಪೆ ಸೀಳುತ್ತದೆ, ಚಳಿ ತಡೆಯುವುದಿಲ್ಲ. ಹಿಟ್ಟು ತಿಗಣೆಗಂತೂ ಅಂಥ ಮೆತ್ತನೆಯ ಗಿಡ ಹಬ್ಬ.

ಪೊಟ್ಟಣದ ಮೇಲಿನ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್. 19-19-19 ಅಂದರೆ 100 ಗ್ರಾಂನಲ್ಲಿ 19 ಗ್ರಾಂ ಸಾರಜನಕ. ಉಳಿದೆರಡನ್ನು ಆಕ್ಸೈಡ್ (ಆಮ್ಲಜನಕ ಕೂಡಿದ ರೂಪ) ಲೆಕ್ಕದಲ್ಲಿ ಬರೆಯುವ ಹಳೆ ರೂಢಿ ಇದೆ. ಹಾಗಾಗಿ 19 ಅಂತ ಬರೆದ ರಂಜಕ ನಿಜಕ್ಕೂ ಸುಮಾರು 8 ಗ್ರಾಂ. ಸಾರಜನಕಕ್ಕಿಂತ ಪೊಟ್ಯಾಶ್ ಹೆಚ್ಚಿರುವುದು, ಟೊಮೆಟೊ ಗಿಡಕ್ಕೆ ಹಾಕುವಂಥದ್ದು, ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ 19-19-19 ಕೂಡ ನಡೆಯುತ್ತದೆ, ಅಳತೆ ಮಾತ್ರ ಕಮ್ಮಿ ಇರಲಿ. ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಸಾರಜನಕ 95 ಮಿಲಿಗ್ರಾಂ ಆಯಿತು. ಈ ಗಿಡಗಳಿಗೆ ಧಾರಾಳ ಸಾಕು. ಪೊಟ್ಟಣದ ಮೇಲೆ ಏನೇ ಬರೆದಿರಲಿ, ನಾನು ಅದರ ಅರ್ಧ ಇಲ್ಲವೇ ಕಾಲು ಭಾಗಕ್ಕಿಂತ ಮೇಲೆ ಹೋಗುವುದಿಲ್ಲ. ಸಾರಜನಕ ನೈಟ್ರೇಟ್ ರೂಪದಲ್ಲಿದ್ದರೆ ಇನ್ನೂ ಮೇಲು. ಯೂರಿಯಾವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಡೆದು ಕೊಡಬೇಕು, ಬರೀ ಜಲ್ಲಿಯಲ್ಲಿ ಅವು ಎಷ್ಟಿರುತ್ತವೆ?

ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ. ಸೌತೆಕಾಯಿ ಹೋಳಿಗೆ ಉಪ್ಪು ಉದುರಿಸಿದರೆ ನೀರು ಬಿಡುತ್ತದೆ, ಅಲ್ವಾ? ಗೊಬ್ಬರವೂ ಉಪ್ಪೇ. ಒಣಗಿದ ಬೇರಿನ ಸುತ್ತ ಉಪ್ಪು ಗಟ್ಟಿಯಾದರೆ ಬೇರಿನ ಒಳಗಿನ ನೀರೇ ಹೊರಗೆ ಬರುತ್ತದೆ. ಮೊದಲು ಬರೀ ನೀರು, ಆಮೇಲೆ ಅಥವಾ ಮರುದಿನ ಗೊಬ್ಬರದ ನೀರು. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ, ಇಲ್ಲವೇ ಮೂರು-ನಾಲ್ಕು ನೀರಿಗೊಮ್ಮೆ. ನಡುವಿನ ಬರೀ ನೀರು ಉಳಿದ ಉಪ್ಪನ್ನು ತೊಳೆದು ತೆಗೆಯುತ್ತದೆ. ಗಿಡ ಮಲಗುವ ಒಂದೂವರೆ ತಿಂಗಳ ಮೊದಲೇ ನಿಲ್ಲಿಸಿಬಿಡಿ, ಬೆಳೆದ ಭಾಗ ಗಟ್ಟಿಯಾಗಲು ಸಮಯ ಬೇಕು. ಕುಂಡ ಬದಲಿಸಿದ ಮೇಲೆ ತಿಂಗಳಾದರೂ ಕಾಯಿರಿ. ಅಡೇನಿಯಂ ಹೊಟ್ಟೆಬಾಕ, ಹದಿನೈದು ದಿನಕ್ಕೊಮ್ಮೆ ಕೊಟ್ಟರೂ ತಿನ್ನುತ್ತದೆ. ಲಿಥಾಪ್ಸ್‌ಗೆ ವರ್ಷಕ್ಕೊಮ್ಮೆ, ಅದೂ ತೀರಾ ತೆಳುವಾಗಿ. ಕೊಡದಿದ್ದರೂ ಬೇಜಾರಿಲ್ಲ.

ನಿಧಾನವಾಗಿ ಕರಗುವ ಗುಂಡು ಗೊಬ್ಬರ ಅನುಕೂಲ ಅನಿಸುತ್ತದೆ. ಆದರೆ ಅದರಿಂದ ಗೊಬ್ಬರ ಹೊರಬರುವುದು ಶಾಖದ ಲೆಕ್ಕದಲ್ಲಿ, ಗಿಡದ ಹಸಿವಿನ ಲೆಕ್ಕದಲ್ಲಿ ಅಲ್ಲ. ಎಚೆವೇರಿಯಾ ಸೆಖೆಗೆ ಮಲಗಿದಾಗಲೇ ಅದು ಜೋರಾಗಿ ಸುರಿಯುತ್ತದೆ. ಎರೆಗೊಬ್ಬರ ಹಾಕುವವರು ಕುಂಡ ಬದಲಿಸುವಾಗ ಹತ್ತರಲ್ಲಿ ಒಂದು ಪಾಲು ಬೆರೆಸಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ನೀರು ಹಿಡಿದಿಟ್ಟುಕೊಂಡು, ಕಷ್ಟಪಟ್ಟು ಜರಡಿ ಹಿಡಿದದ್ದೆಲ್ಲ ವ್ಯರ್ಥ. ಅಡುಗೆಮನೆಯ ತೊಳೆದ ನೀರು, ಸಿಪ್ಪೆ ಕೊಳೆಸಿದ ನೀರು ಇತ್ಯಾದಿ ಹುಳಕ್ಕೆ ಹಬ್ಬ, ಗಿಡಕ್ಕಲ್ಲ.

ಹೆಸರೇ ಗೊತ್ತಿಲ್ಲದ ಗಿಡ ಕೈಗೆ ಬಂದರೆ? ನಾನು ಮೊದಲು ನೋಡುವುದು ನಡುತುದಿ. ಅಲ್ಲಿ ತಿಳಿ ಬಣ್ಣದ ಹೊಸ ಎಲೆ, ಹೊಳಪಿನ ಮುಳ್ಳು ಬರುತ್ತಿದ್ದರೆ ಎದ್ದಿದೆ. ಪಕ್ಕದಲ್ಲಿ ತಾರೀಕು ಹಾಕಿ ಫೋಟೋ ತೆಗೆದಿಡುತ್ತೇನೆ, ತಿಂಗಳು ಬಿಟ್ಟು ಹೋಲಿಸುತ್ತೇನೆ. ಒಂದು ವರ್ಷದ ಫೋಟೋ ಸೇರಿದರೆ ಆ ಗಿಡದ ಪಂಚಾಂಗವೇ ಸಿಕ್ಕಂತೆ. ಚಪ್ಪಟೆ ಕಾಂಡ, ಜೋತುಬಿದ್ದ ರೂಪ, ಮುಳ್ಳು ಇಲ್ಲವೇ ಇಲ್ಲ ಅನ್ನುವಂತಿದ್ದರೆ ಅದು ಮರುಭೂಮಿಯದ್ದೇ ಅಲ್ಲದಿರಬಹುದು. ಕ್ರಿಸ್‌ಮಸ್ ಕ್ಯಾಕ್ಟಸ್ ಬ್ರೆಜಿಲ್‌ನ ತೇವದ ಕಾಡಿನಲ್ಲಿ ಮರದ ಕೊಂಬೆಗಳ ಮೇಲೆ ಬೆಳೆಯುವ ಕಳ್ಳಿ. ಅದನ್ನು ಇಲ್ಲಿ ಹೇಳಿದಂತೆ ತಿಂಗಳುಗಟ್ಟಲೆ ಒಣಗಿಸಿದರೆ ಸತ್ತೇ ಹೋಗುತ್ತದೆ.